ನೆರಳುಳ್ಳ ಫಾಂಟ್‌ನಲ್ಲಿ ಕನ್ನಡ ಬರೆದರೆ ನೆರಳೇ ಬರುತ್ತಿಲ್ಲ (ಇಂಕ್‌ಸ್ಕೇಪ್)

ಪ್ರಶ್ನೆ:
ನಮ್ಮ ಬಡಾವಣೆಯ ರಸಮಂಜರಿ ಕಾರ್ಯಕ್ರಮದ ಪೋಸ್ಟರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ರಚನೆಯ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಹಳೆಯ ಕಾಲದ ದಪ್ಪ ಅಕ್ಷರಗಳ ಸೊಗಸು ಬೇಕೆಂದು ‘ಬಂಗೀ ಶೇಡ್’ ಫಾಂಟನ್ನು ಅಳವಡಿಸಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನೆರಳು ಸಮೇತ ಚೆನ್ನಾಗಿ ಮೂಡುತ್ತದೆ. ಅಲ್ಲೇ ‘ಸುಗ್ಗಿ ರಸಮಂಜರಿ’ ಎಂದು ಬರೆದರೆ ಅಕ್ಷರಗಳು ತೆಳ್ಳಗೆ, ನೆರಳಿಲ್ಲದೆ ಬರುತ್ತವೆ. ಫಾಂಟಿನ ಹೆಸರು ಮಾತ್ರ ಬಂಗೀ ಶೇಡ್ ಎಂದೇ ಇರುತ್ತದೆ. ಇಂಗ್ಲಿಷಿನಲ್ಲೂ ಅಕ್ಷರಕ್ಕೆ ಹಳದಿ, ನೆರಳಿಗೆ ಕೆಂಪು ಕೊಡಲು ಆಗುತ್ತಿಲ್ಲ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ:
ಡೇವಿಡ್ ಜೊನಾಥನ್ ರಾಸ್ ರೂಪಿಸಿದ ಬಂಗೀ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹೀಗೆ ಅಕ್ಷರ ಸಿಗದಿದ್ದಾಗ ತಂತ್ರಾಂಶವು ಕಂಪ್ಯೂಟರಿನಲ್ಲಿರುವ ಬೇರೊಂದು ಕನ್ನಡ ಫಾಂಟನ್ನು ತಾನಾಗಿಯೇ ಎತ್ತಿಕೊಳ್ಳುತ್ತದೆ. ನಿಮಗೆ ಕಾಣುತ್ತಿರುವುದು ಅದು. ಕನ್ನಡವೇ ಮೂಡುತ್ತಿರುವುದರಿಂದ ನಿಮ್ಮ ಪಠ್ಯ ಯೂನಿಕೋಡ್‌ನಲ್ಲಿದೆ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ) ಎಂಬುದೂ ಖಚಿತ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಪಠ್ಯವಾಗಿದ್ದರೆ (ಅದರಲ್ಲಿ ಕನ್ನಡಕ್ಕೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಬಳಸಲಾಗುತ್ತಿತ್ತು) ನೆರಳು ಹೊತ್ತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು.

ಬಣ್ಣದ ತೊಂದರೆಗೆ ಕಾರಣವೇ ಬೇರೆ. ಬಂಗೀ ಶೇಡ್‌ನಲ್ಲಿ ಅಕ್ಷರವೂ ನೆರಳೂ ಒಂದೇ ಆಕೃತಿಯಾಗಿರುವುದರಿಂದ ಎರಡಕ್ಕೂ ಒಂದೇ ಬಣ್ಣ ಬೀಳುತ್ತದೆ. ಈ ಫಾಂಟ್ ಕುಟುಂಬವನ್ನು ಪದರಗಳಾಗಿ ಜೋಡಿಸುವುದಕ್ಕೆಂದೇ ರೂಪಿಸಲಾಗಿದೆ. ಕೆಂಪು ಬಂಗೀ ಶೇಡ್‌ನ ಮೇಲೆ ಅದೇ ಅಳತೆಯ ಹಳದಿ ಬಂಗೀ ರೆಗ್ಯುಲರ್ ಇಟ್ಟರೆ ಸಾಕು.

ಕನ್ನಡಕ್ಕೆ ನೆರಳನ್ನು ನಾವೇ ಕಟ್ಟಿಕೊಳ್ಳಬೇಕು. ನನ್ನ ಮಟ್ಟಿಗೆ ‘ಬಾಲೂ ತಮ್ಮ 2’ ಎಂಬ ಕನ್ನಡ ಫಾಂಟಿನ ಎಕ್ಸ್‌ಟ್ರಾ ಬೋಲ್ಡ್ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ, ಅದರ ದುಂಡನೆಯ ದಪ್ಪ ಮೈಯಲ್ಲಿ ತುಂಟತನವೂ ಇದೆ. ಮೊದಲು ಕಾಗುಣಿತ ಸರಿನೋಡಿ, ಪಠ್ಯದ ಒಂದು ಪ್ರತಿಯನ್ನು ಬೇರೆ ಲೇಯರ್‌ನಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಮುಂದಿನ ಹಂತದಲ್ಲಿ ಅಕ್ಷರಗಳು ಬರಿಯ ಆಕೃತಿಗಳಾಗುವುದರಿಂದ ಆಮೇಲೆ ಬರಹವನ್ನು ತಿದ್ದಲಾಗದು. ಆಮೇಲೆ ‘ಆಬ್ಜೆಕ್ಟ್ ಟು ಪಾತ್’ (ಅಕ್ಷರಗಳನ್ನು ಪಾತ್, ಅಂದರೆ ಗೆರೆಯ ಆಕೃತಿಗಳಾಗಿಸಲು), ‘ಅನ್‌ಗ್ರೂಪ್’ (ಬಿಡಿಸಲು), ‘ಯೂನಿಯನ್’ (ಒಂದೇ ಆಕೃತಿಯಾಗಿ ಬೆಸೆಯಲು) ಮಾಡಿ, ಎಕ್ಸ್‌ಟೆನ್ಶನ್ಸ್ ಮೆನುವಿನ ‘ಜನರೇಟ್ ಫ್ರಮ್ ಪಾತ್’ ಒಳಗಿರುವ ‘ಮೋಷನ್’ ಅನ್ನು ಲೈವ್ ಪ್ರಿವ್ಯೂ ಇಟ್ಟುಕೊಂಡು ಬಳಸಿದರೆ, ನೀವು ಕೊಟ್ಟ ಕೋನದಲ್ಲಿ ಅಕ್ಷರದ ಅಂಚಿನಿಂದ ಪಟ್ಟಿಗಳು ಹೊರಟು ನೆರಳಾಗುತ್ತವೆ. ಆ ಪಟ್ಟಿಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡರೆ, ಪಟ್ಟಿಗಳನ್ನಷ್ಟೇ ಆಯ್ದು ಇನ್ನೊಮ್ಮೆ ಯೂನಿಯನ್ ಮಾಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ನೆರಳು ಬಂತು. ಆದರೆ ‘ಗ್ಗಿ’ಯಲ್ಲಿ ಮೇಲಿನ ಅಕ್ಷರದ ನೆರಳು ಒತ್ತಕ್ಷರಕ್ಕೆ ಅಂಟಿಕೊಂಡು ಒಂದೇ ಮುದ್ದೆಯಾಗಿದೆ, ಅನುಸ್ವಾರದ ಸೊನ್ನೆಯೂ ಮುಚ್ಚಿಹೋಗಿದೆ.

ಉತ್ತರ:
ನೆರಳಿನ ಉದ್ದ ಸೊನ್ನೆಯ ಒಳಜಾಗಕ್ಕಿಂತ ಹೆಚ್ಚಾದರೆ ಅದು ತುಂಬಿಹೋಗುತ್ತದೆ. ಆದ್ದರಿಂದ ‘ಮೋಷನ್’ನಲ್ಲಿ ನೆರಳಿನ ಉದ್ದ ಸೂಚಿಸುವ ‘ಮ್ಯಾಗ್ನಿಟ್ಯೂಡ್’ ಬೆಲೆಯನ್ನು ಆ ಸೊನ್ನೆಯನ್ನು ನೋಡಿಕೊಂಡೇ ನಿಗದಿಪಡಿಸಿ. ಇಂಗ್ಲಿಷ್ ದೊಡ್ಡಕ್ಷರಗಳ ಕೆಳಗೆ ಏನೂ ಇರುವುದಿಲ್ಲವಾದ್ದರಿಂದ ಅಲ್ಲಿ ಉದ್ದನೆಯ ನೆರಳು ನಡೆಯುತ್ತದೆ, ಒತ್ತಕ್ಷರವಿರುವ ನಮ್ಮ ಲಿಪಿಗೆ ಅದು ಒಗ್ಗುವುದಿಲ್ಲ. ಒತ್ತಕ್ಷರಕ್ಕಾದರೆ, ಯೂನಿಯನ್ ಮಾಡುವ ಮೊದಲು ಅದು ಬಿಡಿ ಪಾತ್ ಆಗಿರುವಾಗಲೇ ಬಾಣದ ಕೀಲಿಯಿಂದ ತುಸು ಕೆಳಗಿಳಿಸಿ, ನಡುವೆ ನೆರಳಿನಷ್ಟು ಜಾಗ ಬಿಡಿ. ಕೆಳಸಾಲಿನಲ್ಲಿ ದಿನಾಂಕ, ಸ್ಥಳ ಬರೆಯುವುದಿದ್ದರೆ ಅದನ್ನೂ ಅಷ್ಟೇ ಕೆಳಗೆ ಸರಿಸಬೇಕಾಗುತ್ತದೆ.