ಸಹಾಯ ಬೇಕು: ಒಂದು ರಾತ್ರಿ ಮಟ್ಟಿಗೆ ಟೆಲಿಸ್ಕೋಪ್

ನಮಸ್ಕಾರ್ರಿ. ಬಾದಾಮಿ ಹತ್ರದ ಹಳ್ಳಿ ಹೈಸ್ಕೂಲಿನಾಗ ವಿಜ್ಞಾನ ಕಲಸ್ತೀನಿ. ನಮ್ಮ ಆಕಾಶಗಂಗೆಯೊಳಗ ವರ್ಷಕ್ಕ ಒಂದೆರಡು ಸೂರ್ಯನಷ್ಟು ಅನಿಲ ಹೊಸ ನಕ್ಷತ್ರ ಆಗ್ತೈತಿ. ದೂರದ ಸ್ಟಾರ್‌ಬರ್ಸ್ಟ್ ಗ್ಯಾಲಕ್ಸಿಗಳೊಳಗ (ಭಾಳ ಜೋರಾಗಿ ನಕ್ಷತ್ರ ಹುಟ್ಟೋ ಗ್ಯಾಲಕ್ಸಿಗಳು) ನೂರಾರು ಸೂರ್ಯನಷ್ಟು, ಕೆಲವುದ್ರಾಗ ಸಾವಿರಕ್ಕೂ ಮಿಕ್ಕಿ ಅಂತ ಕ್ಲಾಸಿನಾಗ ಹೇಳಿದೆ. ಒಬ್ಬಾಕಿ ಹುಡುಗಿ "ನಾವೂ ನೋಡಬೌದೇನ್ರಿ ಸರ್?" ಅಂದ್ಲು.

ಆ ದೂರದ ಗ್ಯಾಲಕ್ಸಿಗಳು ಧೂಳಿನಾಗ ಮುಚ್ಚಿಕೊಂಡಿರ್ತಾವು, ಚಿಲಿ ದೇಶದ ಅಲ್ಮಾದಂಥಾ ದೊಡ್ಡ ರೇಡಿಯೋ ದುರ್ಬೀನೇ ಬೇಕು. ಆದ್ರ ಅದೇ ಜಾತಿಯ ಎಂ82 ಅನ್ನೋ ಗ್ಯಾಲಕ್ಸಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ, ಸಪ್ತರ್ಷಿ ಮಂಡಲದ ಕಡೆ ಐತಿ. ಮಗ್ಗಲಿನ ಗ್ಯಾಲಕ್ಸಿ ಎಂ81ರ ಎಳೆತಕ್ಕ ಅಲ್ಲಿ ಅನಿಲ ಕಲಕಿ ನಕ್ಷತ್ರ ಹುಟ್ಟಾಕತ್ತಾವು. ಆ ಮಸುಕು ಬೆಳಕಿನ ಗೆರಿ ಒಂದಾದ್ರೂ ಮಕ್ಕಳಿಗೆ ತೋರಿಸಬೇಕು ಅಂತ ಭಾಳ ಆಸೆ ಐತ್ರಿ.

ಏಪ್ರಿಲ್ ಅಮಾವಾಸಿ ಸುತ್ತ ಒಂದು ರಾತ್ರಿಗೆ, ಬಾಗಲಕೋಟಿ ಇಲ್ಲಾ ವಿಜಯಪುರದಾಗ ಯಾರ ಹತ್ರಾರ 6 ಇಂಚಿನ ಟೆಲಿಸ್ಕೋಪ್ ಐತೇನ್ರಿ? ನೀವ ಬಂದು ತೋರಿಸಿದ್ರ ಇನ್ನೂ ಚಲೋ. ಹೋಗಿ ಬರೋ ಖರ್ಚು, ರೊಟ್ಟಿ ಊಟ ನಮ್ಮನಿಂದ.