ಹಳೆಯ ಮನೆ ಲೆಕ್ಕದ ಪುಸ್ತಕ: ಆರು ಜನಕ್ಕೆ ತಿಂಗಳಿಗೆ 11 ಕಿಲೋ ಬೆಲ್ಲವೇ?

ಕಡತದ ಹುಳು:
ಬಸವನಗುಡಿಯ ಒಂದು ಮನೆಯ ದಿನಸಿ ಲೆಕ್ಕದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ‘ವಿರೋಧಿ ಸಂ.’ (ಸಂವತ್ಸರ)ದಿಂದ 1958ರವರೆಗೆ ಇವೆ. ಸೇರಿಗೆ 933 ಗ್ರಾಂ ಹಿಡಿದರೆ ಒಂದು ತಿಂಗಳಿಗೆ ಬರೆದ 12 ಸೇರು ಬೆಲ್ಲ 11 ಕಿಲೋ ದಾಟುತ್ತದೆ; ಮನೆಯಲ್ಲಿದ್ದದ್ದು ಆರೇ ಜನ. ಬೆಲೆ ಒಂದು ಕಡೆ ‘3-12-6’, ಇನ್ನೊಂದು ಕಡೆ ‘೧||೦’. 1957ರ ಏಪ್ರಿಲ್ ಆದಮೇಲಂತೂ ಮೊತ್ತ ತಾಳೆಯಾಗುವುದೇ ಇಲ್ಲ.

ತರಗುಪೇಟೆ ತಕ್ಕಡಿ:
933 ಗ್ರಾಂ ಎಂಬುದು ರೈಲ್ವೆ ಸೇರು, 80 ತೊಲದ್ದು. ಮೈಸೂರು ಸೀಮೆಯಲ್ಲಿ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದದ್ದು ಕಚ್ಚಾ ಸೇರಿನಲ್ಲಿ: 24 ತೊಲ, ಅಂದರೆ 24 ಬೆಳ್ಳಿ ರೂಪಾಯಿಯ ತೂಕ, 280 ಗ್ರಾಂ. ಐದು ಸೇರಿಗೆ ಒಂದು ವೀಸೆ (1.4 ಕಿಲೋ), ಎಂಟು ವೀಸೆಗೆ ಒಂದು ಮಣ (11.2 ಕಿಲೋ). ನಿಮ್ಮ 12 ಸೇರು 3.36 ಕಿಲೋ ಆಯಿತು. ಹಬ್ಬದ ತಿಂಗಳಾದರೆ ಅದೇನು ಹೆಚ್ಚಲ್ಲ. ರೈಲ್ವೆ ಸೇರಿನ 37.3 ಕಿಲೋದ ಮಣವನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಅನುಮಾನವಿದ್ದರೆ ಅದೇ ವರ್ಷದ ಮಣದ ಬೆಲೆಯನ್ನು 40ರಿಂದ ಭಾಗಿಸಿ. ಬಿಡಿ ಸೇರಿನ ಬೆಲೆಗಿಂತ ಸ್ವಲ್ಪ ಕಡಿಮೆ ಬಂದರೆ ಲೆಕ್ಕ ಸರಿ.

ಅಕ್ಕಿ, ರಾಗಿ ಬೇರೆ ಕಥೆ. ಅಲ್ಲಿ ಸೇರು ತೂಕವಲ್ಲ, ಅಳತೆ: ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಅಕ್ಕಿ ಸೇರಿಗೆ ಒಂದು ಕಿಲೋ ಆಸುಪಾಸು ಬರುತ್ತದೆ, ಆದರೆ ಪಾತ್ರೆಯಿಂದ ಪಾತ್ರೆಗೆ ವ್ಯತ್ಯಾಸ. ಆ ಮನೆಯ ಪಾವು ಉಳಿದಿದ್ದರೆ ಅದರಲ್ಲೇ ಮೂರು ಸಲ ಅಕ್ಕಿ ಅಳೆದು ತೂಗಿ ಸರಾಸರಿ ತೆಗೆಯಿರಿ. ಮಟ್ಟವಾಗಿ ಸವರಿದ್ದು ಬೇರೆ, ಗೋಪುರ ತುಂಬಿದ್ದು ಬೇರೆ; ಎರಡನ್ನೂ ಬರೆದಿಡಿ.

ಚಿಲ್ಲರೆ ಆಣೆ:
ದುಡ್ಡಿನದು ಸುಲಭ. 3-12-6 ಅಂದರೆ 3 ರೂಪಾಯಿ 12 ಆಣೆ 6 ಪೈ. ಆಣೆಗೆ 12 ಪೈ, ರೂಪಾಯಿಗೆ 16 ಆಣೆ, ಹಾಗಾಗಿ 3.78. ನಿಂತ ಗೀಟು ಒಂದೊಂದೂ ಕಾಲು: ‘೧||೦’ ಒಂದೂವರೆ. ಸ್ಕ್ಯಾನ್ ಮಾಡುವ ತಂತ್ರಾಂಶ ಇದನ್ನು 1110 ಎಂದು ಓದಿಬಿಡಬಹುದು, ಕಣ್ಣಲ್ಲೇ ನೋಡಿ.

1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ. ಆಣೆ ಸರಿಯಾಗಿ 6.25 ನಯಾ ಪೈಸೆ ಆದದ್ದರಿಂದ ಅಧಿಕೃತ ಪಟ್ಟಿಯಲ್ಲಿ 1 ಆಣೆಗೆ 6, 2ಕ್ಕೆ 12, 3ಕ್ಕೆ 19, 4ಕ್ಕೆ 25. ಒಂದೊಂದು ಆಣೆಯ ನಾಲ್ಕು ಬಾಬ್ತು ಬೇರೆಬೇರೆ ಬರೆದರೆ 24, ಒಟ್ಟಿಗೆ ಕೊಟ್ಟರೆ 25. ನಿಮ್ಮ ಮೊತ್ತ ಜಾರುವುದು ಇಲ್ಲೇ, ತಿದ್ದಲು ಹೋಗಬೇಡಿ.

ವಿರೋಧಿ ಅಂದರೆ 1949ರ ಯುಗಾದಿಯಿಂದ 1950ರ ಯುಗಾದಿ. ಮಾಘ, ಫಾಲ್ಗುಣ ಬರುವುದು 1950ರಲ್ಲಿ; ಆ ಖರ್ಚನ್ನು 1949ಕ್ಕೆ ಹಾಕಿಬಿಟ್ಟೀರಿ, ಜೋಕೆ.

ಕಡತದ ಹುಳು:
ತೊಗರಿಬೇಳೆಯ ಮುಂದೆ ಬರೀ ‘ಸೇ’ ಇದೆ. ಅಳತೆಯೋ ತೂಕವೋ?

ತರಗುಪೇಟೆ ತಕ್ಕಡಿ:
ಹಿಂದೆಮುಂದೆ ನೋಡಿ. ಅದೇ ಬೇಳೆಗೆ ಇನ್ನೊಂದು ತಿಂಗಳು ‘ವೀಸೆ’ ಎಂದಿದ್ದರೆ ತೂಕ; ‘ಪಾವು’, ‘ಅಚ್ಚೇರು’ ಇದ್ದರೆ ಹೆಚ್ಚಾಗಿ ಅಳತೆ. ಎರಡೂ ಇಲ್ಲದಿದ್ದರೆ ‘ಸೇ’ ಎಂದೇ ಬಿಡಿ, ಕಿಲೋ ಕಾಲಂ ಖಾಲಿ ಇರಲಿ. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಹಂತಹಂತವಾಗಿ ಬಂತು, ಕೊನೆಯ ಪುಸ್ತಕದಲ್ಲಿ ಸೇರಿನ ಜೊತೆ ಕಿಲೋನೂ ಸಿಕ್ಕೀತು.