ಅಪ್‌ಡೇಟ್: ಪ್ರಿಪೇಯ್ಡ್ ಕಾರ್ಡಿಗೆ ರೊಕ್ಕ ತುಂಬಿ ಪಾಯಿಂಟ್ ಗಳಿಸೋ ವಿಚಾರ

ಕ್ರೆಡಿಟ್ ಕಾರ್ಡಿನಿಂದ ಪ್ರಿಪೇಯ್ಡ್ ಕಾರ್ಡಿಗೆ ರೊಕ್ಕ ತುಂಬಿ, ಅದರಿಂದ ಹುಬ್ಬಳ್ಳಿ ದುರ್ಗದ ಬೈಲಿನ ಕಿರಾಣಿ ಸಂತಿ ಮಾಡಿದ್ರ ರಿವಾರ್ಡ್ ಪಾಯಿಂಟ್ (ಕಾರ್ಡ್ ಖರ್ಚಿಗೆ ಬ್ಯಾಂಕ್ ಕೊಡೋ ಇನಾಮು) ಬರ್ತಾವೇನು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲಾರಿಗೂ ಶರಣು.

ಸ್ಟೇಟ್‌ಮೆಂಟ್ ಬಂತು, ಪಾಯಿಂಟ್ ಸೊನ್ನಿ. ವ್ಯಾಲೆಟ್ ಅಥವಾ ಪ್ರಿಪೇಯ್ಡ್ ಕಾರ್ಡಿಗೆ ತುಂಬಿದ ರೊಕ್ಕಕ್ಕ ಸಾಮಾನ್ಯವಾಗಿ 6540 ಅನ್ನೋ ಮರ್ಚಂಟ್ ಕೋಡ್ (ಯಾವ ನಮೂನಿ ವ್ಯಾಪಾರಕ್ಕ ರೊಕ್ಕ ಹೋತು ಅಂತ ತೋರ್ಸೋ ನಂಬರ್) ಬೀಳತೈತಿ. ಅದನ್ನ ಬಹಳಷ್ಟು ಬ್ಯಾಂಕ್‌ನವರು ಪಾಯಿಂಟ್ ಪಟ್ಟಿಯಿಂದ ಹೊರಗ ಇಟ್ಟಾರ. ನಿಯಮದಾಗ ಬರದೈತಿ, ಸಣ್ಣ ಅಕ್ಷರದಾಗ, ಯಾರೂ ಓದಬಾರದು ಅನ್ನೂ ಹಂಗ.

ಪಾಯಿಂಟ್ ಕೊಡೋ ಕಾರ್ಡ್ ಸಿಕ್ಕರೂ ಶುಲ್ಕದ ಲೆಕ್ಕ ಹಾಕ್ರಿ. 10,000 ರೂಪಾಯಿ ತುಂಬಾಕ 2.5% ಶುಲ್ಕ ಅಂದ್ರ 250, ಅದರ ಮ್ಯಾಲ 18% ಜಿಎಸ್‌ಟಿ 45, ಒಟ್ಟು 295. ನೂರಕ್ಕ ಒಂದು ಪಾಯಿಂಟ್, ಪಾಯಿಂಟಿಗೆ ನಾಲ್ಕಾಣೆ ಅಂತ ಹಿಡಿದ್ರ ಕೈಗೆ ಬರೋದು 25 ರೂಪಾಯಿ! ಬಡ್ಡಿ ವ್ಯಾಪಾರದವನೂ ಇಷ್ಟು ಧೈರ್ಯ ಮಾಡಾಂಗಿಲ್ಲ.

ಗಿಫ್ಟ್ ಕಾರ್ಡ್ ತಗೋ ಅಂದಿದ್ರಲ್ಲ ಒಬ್ಬರು, ಆರ್‌ಬಿಐ 2021ರ ನಿರ್ದೇಶನದ ಪ್ರಕಾರ ಅದರ ಮಿತಿ 10,000, ಮತ್ತ ತುಂಬಾಕ ಬರಂಗಿಲ್ಲ.

ಈಗ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸೀನಿ. 2022ರಿಂದ ಈ ಸೌಲಭ್ಯ ಐತಿ. ಅಂಗಡಿಯವರ ವ್ಯಾಪಾರದ ಕ್ಯೂಆರ್ ಆದ್ರ ನಡೀತೈತಿ, ಗೆಳೆಯರ ಖಾತೆಗೆ ಕಳಿಸಾಕ ಆಗಂಗಿಲ್ಲ. ಯುಪಿಐ ಖರ್ಚಿಗೆ ಪಾಯಿಂಟ್ ಕೊಡೋದು ಬ್ಯಾಂಕಿನ ಮರ್ಜಿ. ನನ್ನ ಕಾರ್ಡಿಗೆ ಬರಾಕತ್ತಾವ. ಕಿರಾಣಿ ಅಂಗಡಿ ಕಾಕಾ ಮಾತ್ರ ಇನ್ನೂ ‘ರೊಕ್ಕಾನ ಕೊಡ್ರಿ’ ಅಂತಾರ.